ಎರಡು ತಂತಿಯೋ, ಮೂರು ತಂತಿಯೋ?

ದೊಡ್ಡಬಳ್ಳಾಪುರ ತಾಲ್ಲೂಕು ಸಾಸಲಿನಿಂದ ನಮ್ಮ ವಾಚಕರೊಬ್ಬರು ಬರೆದಿರುವ ಪತ್ರವು ನಮಗೆ ತಲಪಿದೆ. ಅವರ ಜ್ಯೇಷ್ಠ ಸಹೋದರರಿಗೆ ಒಂದು ವರ್ಷದಿಂದ ಏದುಸಿರು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡಬೇಕು. ಸಾಯಂಕಾಲದ ಹೊತ್ತಿಗೆ ಕಾಲು ಬಾತುಕೊಳ್ಳುವುದು. ಗೂರಲೆಂದು ಭಾವಿಸಿ ನಾಟಿ ಮದ್ದಿನಲ್ಲಿ ಅರ್ಧ ವರ್ಷ ಕಳೆಯಿತು. ಕಡೆಗೆ ಬೆಂಗಳೂರಿಗೆ ಕರೆದೊಯ್ಯಲಾಗಿ, ಹೃದಯವು ಬಲಗುಂದಿದೆಯೆಂದೂ ಔಷಧಗಳೊಂದಿಗೆ ಯಂತ್ರವನ್ನೂ ಅಳವಡಿಸಬೇಕೆಂದೂ ತಿಳಿದುಬಂತು. ಒಂದು ಆಸ್ಪತ್ರೆಯವರು ಮೂರು ತಂತಿಯ ಯಂತ್ರವೇ ಆಗಬೇಕೆಂದರಂತೆ. ಮತ್ತೊಂದು ಆಸ್ಪತ್ರೆಯವರು ಎರಡು ತಂತಿಯ ಸಾಮಾನ್ಯ ಯಂತ್ರವೇ ಸಾಕು, ತಂತಿಯ ತುದಿಯನ್ನು ಹೊಸ ಸ್ಥಳದಲ್ಲಿ ನೆಡುತ್ತೇವೆ ಎಂದರಂತೆ. ಎರಡರ ವೆಚ್ಚಕ್ಕೂ ಅಜಗಜಾಂತರ. ಕಡಮೆ ಬೆಲೆಯದನ್ನು ಹಾಕಿಸಿದರೆ ಅಣ್ಣನಿಗೆ ದ್ರೋಹ ಬಗೆದಂತಾಗುವುದೇ, ಹೆಚ್ಚು ಬೆಲೆಯದಕ್ಕಾಗಿ ಹೊಲವನ್ನು ಆಧಾರವಿಟ್ಟರೆ ಅವಿವೇಕವಾಗುವುದೇ, ಎಂದು ಅವರು ಕೇಳುತ್ತಾರೆ.

ಪತ್ರಿಕೆಯು ಧನ್ವಂತರಿಯಲ್ಲ. ರೋಗಿಯ ನಾಡಿ ಹಿಡಿಯದೆ, ಅವನ ಇ.ಸಿ.ಜಿ. ಪಟವನ್ನು ಕಾಣದೆ, ಇಂಥದೇ ಯಂತ್ರ ಯೋಗ್ಯವೆಂದು ಹೇಳುವ ಧಾರ್ಷ್ಟ್ಯ ನಮಗಿಲ್ಲ. ಆದರೆ ಇದು ಸಾಸಲಿನ ಒಂದು ಮನೆಯ ಪ್ರಶ್ನೆಯಾಗಿ ಉಳಿದಿಲ್ಲ. ಲೋಕದ ಹೃದ್ರೋಗ ತಜ್ಞರೆಲ್ಲರೂ ಈ ದಿನ ಇದೇ ಪ್ರಶ್ನೆಯನ್ನು ಚರ್ಚಿಸುತ್ತಿರುವರು. ಅವರ ಚರ್ಚೆಯಲ್ಲಿ ನಮ್ಮ ನಾಡಿನ ರೈತನಿಗೂ ನೇಕಾರನಿಗೂ ಸಂಬಂಧಪಟ್ಟ ಅಂಶವೊಂದಿದೆ. ಅದನ್ನು ಸರಕಾರದವರ ಹಾಗೂ ಸಾರ್ವಜನಿಕರ ಗಮನಕ್ಕೆ ತರುವುದು ನಮ್ಮ ಕರ್ತವ್ಯ.

2025ನೆಯ ಇಸವಿಯ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದು ಹೃದಯಾಘಾತದ ಮರಣವಾರ್ತೆಗಳು ಬಂದು, ಜನರು ಗಾಬರಿಗೊಂಡು ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತುದು ವಾಚಕರ ನೆನಪಿನಲ್ಲಿರಬಹುದು. ಸರಕಾರದವರು ತಜ್ಞರ ಸಮಿತಿಯನ್ನು ನೇಮಿಸಿದರು. ಪತ್ರಿಕೆಗಳು ವಾರಗಟ್ಟಲೆ ಬರೆದುವು. ಹೃದಯಾಘಾತವು ಸಿಡಿಲಿನಂತೆ ಎರಗುವ ವ್ಯಾಧಿಯಾದ್ದರಿಂದ ಅದಕ್ಕೆ ಗದ್ದಲವುಂಟು. ಹೃದಯದೌರ್ಬಲ್ಯವಾದರೋ ಗೆದ್ದಲಿನಂತೆ ಸದ್ದಿಲ್ಲದೆ ತಿನ್ನುವುದು. ವಯಸ್ಸಾಯಿತು, ದಮ್ಮು ಹತ್ತಿತು ಎಂದು ಮನೆಯವರು ಸಮಾಧಾನ ಹೇಳುತ್ತಿರುವಾಗಲೇ ರೋಗಿಯು ಕೈಮೀರುವನು. ತಿರುವನಂತಪುರದ ವೈದ್ಯರು 2013ರಲ್ಲಿ ಈ ವ್ಯಾಧಿಯಿಂದ ಆಸ್ಪತ್ರೆ ಸೇರಿದ 1205 ಮಂದಿಯ ವಿವರಗಳನ್ನು ಬರೆದಿಟ್ಟು, ಐದು ವರ್ಷಗಳ ಕಾಲ ಅವರ ಯೋಗಕ್ಷೇಮವನ್ನು ವಿಚಾರಿಸುತ್ತ ಬಂದರು. ಆ ಅವಧಿ ಮುಗಿಯುವಷ್ಟರಲ್ಲಿ ಶೇಕಡ 59 ಮಂದಿ ಗತಿಸಿದ್ದರು. ದಾಖಲಾದವರ ಸರಾಸರಿ ವಯಸ್ಸು 61. ಪಾಶ್ಚಾತ್ಯ ದೇಶಗಳಲ್ಲಿ ಇದು ಬಹುಮಟ್ಟಿಗೆ ಎಪ್ಪತ್ತು ದಾಟಿದವರ ಬೇನೆ. ಮನೆಯನ್ನು ಇನ್ನೂ ನಡೆಸುತ್ತಿರುವ ಪ್ರಾಯದವರನ್ನೇ ನಮ್ಮಲ್ಲಿ ಅದು ಹಿಡಿಯುತ್ತಿದೆ.

ಈಗ ತಂತಿಯ ವಿಷಯ. ಹೃದಯವು ಮಿಡಿಯುವುದಕ್ಕೆ ಒಂದು ವಿದ್ಯುತ್ ಪ್ರೇರಣೆ ಬೇಕು. ಅದು ಬಲಭಾಗದ ಮೇಲಿನ ಕೋಣೆಯಲ್ಲಿ ಹುಟ್ಟಿ, ನಡುವೆ ಒಂದು ಗಂಟಿನಲ್ಲಿ ಕೊಂಚ ತಡೆದು, ಅಲ್ಲಿಂದ ಒಂದು ನರದಂಥ ಕಟ್ಟಿನ ಮೂಲಕ ಕೆಳಗಿಳಿಯುವುದು. ಆ ಕಟ್ಟನ್ನು 1893ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ವೈದ್ಯನು ವರ್ಣಿಸಿದನು. ಅದರ ಮೇಲಿನ ಗಂಟನ್ನೂ ಕೆಳಗಿನ ಕವಲುಗಳನ್ನೂ ಜರ್ಮನಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ಜಪಾನಿನ ಸುನಾವೊ ತವಾರ 1906ರಲ್ಲಿ ಸಮಗ್ರವಾಗಿ ತೋರಿಸಿಕೊಟ್ಟನು. ಕಟ್ಟು ಎರಡು ಕವಲಾಗಿ, ಎಡಗವಲು ಎಡಗಡೆಯ ಕೆಳಕೋಣೆಗೂ ಬಲಗವಲು ಬಲಗಡೆಯ ಕೆಳಕೋಣೆಗೂ ಹೋಗುತ್ತದೆ. ನಮ್ಮ ಬಯಲುಸೀಮೆಯವರಿಗೆ ಇದನ್ನು ತಿಳಿಯಲು ವೈದ್ಯಶಾಸ್ತ್ರವೇನೂ ಬೇಕಿಲ್ಲ. ಕೆರೆಯ ತೂಬಿನಿಂದ ಹೊರಟ ಕಾಲುವೆ ಎರಡಾಗಿ ಒಡೆದು ಎರಡು ಕಡೆಯ ಗದ್ದೆಗಳಿಗೂ ಏಕಕಾಲಕ್ಕೆ ನೀರುಣಿಸುವಂತೆ ಇದೆಯೆಂದು ತಿಳಿದರೆ ಸಾಕು. ಎಡಗವಲು ಹೂಳು ತುಂಬಿತೆನ್ನಿ. ಎಡಗಡೆಯ ಗದ್ದೆಗೆ ನೀರು ಬಲಗಡೆಯ ಮಣ್ಣಿನೊಳಗಿಂದ ಜಿನುಗಿ ತಡವಾಗಿ ಸೇರುತ್ತದೆ. ಹೃದಯದಲ್ಲಿ ಹೀಗಾದಾಗ ಒಂದು ಗೋಡೆ ಸಂಕುಚಿತವಾಗಿ ಸಡಿಲುವ ಹೊತ್ತಿಗೆ ಎದುರುಗೋಡೆ ಸಂಕುಚಿತವಾಗಲು ತೊಡಗುವುದು; ರಕ್ತವು ಮುಂದಕ್ಕೆ ಹೋಗದೆ ಒಳಗೇ ತುಯ್ದಾಡುವುದು. ಮೊದಲೇ ಬಲಗುಂದಿದ ಹೃದಯಕ್ಕೆ ಇದು ಗಾಯದ ಮೇಲೆ ಬರೆ ಎಳೆದಂತೆ. ಹೃದಯದೌರ್ಬಲ್ಯವುಳ್ಳ ಎಲ್ಲರಿಗೂ ಈ ದೋಷವಿರುವುದಿಲ್ಲ. ಸುಮಾರು ನಾಲ್ಕರಲ್ಲೊಂದು ಪಾಲಿನವರಿಗೆ ವಿದ್ಯುತ್ತು ಹೀಗೆ ತಡವಾಗಿ ಹರಡುವುದೆಂದು ಎಣಿಕೆ. ಯಂತ್ರದ ಮಾತು ಬರುವುದು ಮುಖ್ಯವಾಗಿ ಇವರ ಪಾಲಿಗೆ, ಅದೂ ಉತ್ತಮ ಔಷಧಗಳನ್ನು ಕೆಲವು ತಿಂಗಳು ತಪ್ಪದೆ ಸೇವಿಸಿದ ಮೇಲೆ.

ಪೇಸ್‌ಮೇಕರ್ ಎಂಬ ಯಂತ್ರವು ಮೊದಲು ಹುಟ್ಟಿದುದು ಈ ರೋಗಕ್ಕಾಗಿ ಅಲ್ಲ, ನಿಧಾನವಾದ ನಾಡಿಗಾಗಿ. 1958ರ ಅಕ್ಟೋಬರ್ 8ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಯಂತ್ರವನ್ನು ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯನು ಆರ್ನೆ ಲಾರ್ಸನ್ ಎಂಬವನ ದೇಹದಲ್ಲಿ ಹೂಳಿದನು. ಆ ಮೊದಲ ಯಂತ್ರವು ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಲಾರ್ಸನ್ ಮಾತ್ರ ಇಪ್ಪತ್ತಕ್ಕೂ ಮಿಕ್ಕ ಯಂತ್ರಗಳನ್ನು ಬದಲಾಯಿಸಿಕೊಂಡು 2001ರವರೆಗೆ ಬದುಕಿ, ತನ್ನ 86ನೆಯ ವಯಸ್ಸಿನಲ್ಲಿ, ತನಗೆ ಯಂತ್ರ ಮಾಡಿಕೊಟ್ಟವನೂ ಹೂಳಿದವನೂ ಗತಿಸಿದ ಬಳಿಕ ಕಣ್ಮುಚ್ಚಿದನು! ಅಲ್ಲಿಂದೀಚೆಗೆ ಲಕ್ಷಾಂತರ ಜನರು ಈ ಯಂತ್ರದಿಂದ ಬದುಕಿರುವರು. ಆದರೆ ರೂಢಿಯಲ್ಲಿ ತಂತಿಯ ತುದಿಯನ್ನು ನೆಡುತ್ತಿದ್ದುದು ಬಲಗಡೆಯ ಕೆಳಕೋಣೆಯ ತಳದಲ್ಲಿ. ಏಕೆಂದರೆ ಅದು ಸುಲಭ. ಅಲ್ಲಿಂದ ಹೊರಟ ಪ್ರೇರಣೆಯು ಕಾಲುವೆಯನ್ನು ಬಿಟ್ಟು ಮಣ್ಣಿನಲ್ಲೇ ಜಿನುಗುತ್ತ ಸಾಗಬೇಕು. ಅಂದರೆ ಎಡಗವಲಿನ ತಡೆಯನ್ನು ನಾವೇ ಕೃತಕವಾಗಿ ಉಂಟುಮಾಡಿದಂತೆ. ಹೀಗೆ ಹಗಲಿರುಳು ಪ್ರೇರಿಸಲ್ಪಟ್ಟ ಕೆಲವರ ಹೃದಯಗಳು ಕಾಲಾಂತರದಲ್ಲಿ ಕುಗ್ಗುವುವೆಂದು 2002ರ ಸುಮಾರಿನಿಂದ ಅಮೆರಿಕದ ಪರೀಕ್ಷೆಗಳು ಸ್ಪಷ್ಟಪಡಿಸಿದುವು.

ಮೂರು ತಂತಿಯ ವಿಧಾನವು ಇದಕ್ಕೆ ಉತ್ತರವಾಗಿ ಬಂದುದು. 1994ರಲ್ಲಿ ಫ್ರಾನ್ಸಿನ ವೈದ್ಯರು ಹೃದಯದ ಎಡಬಲಗಳೆರಡನ್ನೂ ಒಟ್ಟಿಗೆ ಪ್ರೇರಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಒಂದು ತಂತಿ ಮೇಲಿನ ಕೋಣೆಗೆ, ಒಂದು ಬಲಗಡೆಯ ಕೆಳಕೋಣೆಗೆ, ಮೂರನೆಯದು ಹೃದಯದ ಹಿಂಬದಿಯ ರಕ್ತನಾಳದೊಳಗೆ ನುಸುಳಿ ಎಡಗಡೆಯ ಹೊರಮೈಗೆ. ಎರಡು ಕಡೆಯಿಂದಲೂ ಏಕಕಾಲಕ್ಕೆ ತಟ್ಟುವುದರಿಂದ ಗೋಡೆಗಳೆರಡೂ ಜೊತೆಗೂಡುವುವು. ಈ ವಿಧಾನದ ಹಿಂದಿರುವ ಆಧಾರವು ಗಟ್ಟಿಯಾದುದು. ಯೂರೋಪಿನಲ್ಲಿ 813 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧ ಮಾತ್ರ, ಮತ್ತೊಂದಕ್ಕೆ ಔಷಧದೊಡನೆ ಯಂತ್ರ ಕೊಟ್ಟು ನೋಡಿದ ಪರೀಕ್ಷೆಯ ಫಲವು 2005ರಲ್ಲಿ ಪ್ರಕಟವಾಯಿತು. ಸುಮಾರು ಎರಡೂವರೆ ವರ್ಷಗಳಲ್ಲಿ ಔಷಧ ಮಾತ್ರದ ಗುಂಪಿನಲ್ಲಿ ನೂರಕ್ಕೆ 30 ಮಂದಿಯೂ ಯಂತ್ರದ ಗುಂಪಿನಲ್ಲಿ ನೂರಕ್ಕೆ 20 ಮಂದಿಯೂ ಮರಣ ಹೊಂದಿದ್ದರು. ನೂರರಲ್ಲಿ ಹತ್ತು ಜೀವ! ಹೀಗೆ ಮರಣವನ್ನೇ ತಗ್ಗಿಸಿದುದಾಗಿ ಸಿದ್ಧಪಟ್ಟಿರುವ ವಿಧಾನವನ್ನು ಹಳೆಯದೆಂದು ಮೂದಲಿಸುವುದು ಹುಡುಗಾಟಿಕೆ.

ಆದರೂ ಅದರ ಕುಂದುಗಳನ್ನು ಮುಚ್ಚಿಡಲಾಗದು. ಹಿಂಬದಿಯ ನಾಳವು ಎಲ್ಲರಲ್ಲಿಯೂ ಅನುಕೂಲವಾಗಿರುವುದಿಲ್ಲ, ತಂತಿ ಜಾರುವುದುಂಟು, ಪಕ್ಕದ ನರವನ್ನು ಕೆಣಕಿ, ಮಿಡಿತಕ್ಕೊಮ್ಮೆ ಬಿಕ್ಕಳಿಕೆಯಂತೆ ವಪೆಯು ಅದುರುವುದುಂಟು. ಸುಮಾರು ಮೂವರಲ್ಲಿ ಒಬ್ಬರಿಗೆ ನಿರೀಕ್ಷಿಸಿದ ಗುಣವು ಕಾಣುವುದಿಲ್ಲ. ವಿದ್ಯುತ್ತಿನ ಹರಿವು ಸರಿಯಾಗಿಯೇ ಇರುವವರಿಗೆ ಈ ಯಂತ್ರವನ್ನು ಹಾಕಿದರೆ ಕೇಡು: 809 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಂಥವರ ಪೈಕಿ ಯಂತ್ರವನ್ನು ಚಾಲನೆಯಲ್ಲಿಟ್ಟಿದ್ದ ಗುಂಪಿನಲ್ಲಿ 45 ಮಂದಿಯೂ ಯಂತ್ರವನ್ನು ಸುಮ್ಮನಿರಿಸಿದ್ದ ಗುಂಪಿನಲ್ಲಿ 26 ಮಂದಿಯೂ ಸತ್ತರು. ದುಬಾರಿ ವಸ್ತುವೆಲ್ಲ ಹಿತವೆಂದು ನಂಬುವ ನಮ್ಮ ಅನುಕೂಲಸ್ಥರು ಈ ಎರಡು ಅಂಕಿಗಳನ್ನು ಗಮನಿಸುವುದೊಳಿತು.

ಕಾಲುವೆಯನ್ನು ಬಿಟ್ಟು ಎರಡು ದಡಗಳಿಂದ ನೀರು ಎರಚುವುದಕ್ಕಿಂತ ಕಾಲುವೆಯಲ್ಲೇ ಹರಿಸಿದರೆ ಆಗದೆ, ಎಂಬ ಆಲೋಚನೆಯಿಂದ ಹೊಸ ವಿಧಾನವು ಹುಟ್ಟಿತು. ಇದರಲ್ಲಿ ಮೊದಲ ಹೆಜ್ಜೆ ಇಟ್ಟವರು ಅಮೆರಿಕದಲ್ಲಿ ನೆಲಸಿದ ಡಾಕ್ಟರ್ ಪ್ರಮೋದ್ ದೇಶಮುಖ್ ಮತ್ತು ಅವರ ಸಂಗಡಿಗರು. 2000ದಲ್ಲಿ ಅವರು ಹಿಸ್ ಕಟ್ಟಿಗೇ ತಂತಿಯನ್ನು ನೆಡಲು 18 ರೋಗಿಗಳನ್ನು ಪರೀಕ್ಷಿಸಿ, 12 ಮಂದಿಯಲ್ಲಿ ಶಾಶ್ವತವಾಗಿ ನೆಲೆಗೊಳಿಸಿದರು. ಆದರೆ ಆ ಕಟ್ಟು ಬಹು ಚಿಕ್ಕದು. ಅದರಲ್ಲಿ ನೆಟ್ಟ ತಂತಿಗೆ ಹೆಚ್ಚು ವಿದ್ಯುತ್ತು ಬೇಕಾಗಿ ಬ್ಯಾಟರಿ ಬೇಗ ಬರಿದಾಗುತ್ತಿತ್ತು. 2017ರಲ್ಲಿ ಚೀನ ದೇಶದ ವೆನ್‌ಝೌ ನಗರದ ಹುವಾಂಗ್ ವೈಜಿಯನ್ ಎಂಬ ವೈದ್ಯರು ಬಲಕೋಣೆಯಿಂದಲೇ ನಡುಗೋಡೆಯೊಳಕ್ಕೆ ತಂತಿಯನ್ನು ತಿರುಪಿನಂತೆ ಕೊರೆದು, ಗೋಡೆಯ ಆಚೆಮಗ್ಗುಲಿನಲ್ಲಿ ಹರಡಿರುವ ಎಡಗವಲನ್ನು ತಡೆಯಿಂದ ಕೆಳಗೆ ಹಿಡಿದ ಸಂಗತಿಯು ಪ್ರಕಟವಾಯಿತು. ಅಗಲವಾದ ಗುರಿ, ಕಡಮೆ ವಿದ್ಯುತ್ತು. ಅಲ್ಲಿಂದ ಈ ಎಡಗವಲಿನ ವಿಧಾನವು ಬೇಗ ಹಬ್ಬಿತು. ನಮ್ಮ ನೆರೆಯ ಮಧುರೆಯ ವೇಲಮ್ಮಾಳ್ ವೈದ್ಯಕೀಯ ಕಾಲೇಜಿನಿಂದಲೂ ಈ ವಿಷಯದಲ್ಲಿ ಒಳ್ಳೆಯ ಲೇಖನಗಳು ಬಂದಿವೆ.

ಎರಡನ್ನೂ ತಕ್ಕಡಿಯಲ್ಲಿಟ್ಟರೆ ಏನು ತೋರುತ್ತದೆ? 2022ರಲ್ಲಿ ಚೀನದಿಂದ ಬಂದ, 40 ಮಂದಿಯನ್ನು ಚೀಟಿ ಎತ್ತಿ ಹಂಚಿದ ಪರೀಕ್ಷೆಯಲ್ಲಿ, ಆರು ತಿಂಗಳ ಕೊನೆಗೆ ಹೃದಯವು ರಕ್ತವನ್ನು ಹೊರದೂಡುವ ಶಕ್ತಿಯು ಎಡಗವಲಿನವರಲ್ಲಿ ಮೂರು ತಂತಿಯವರಿಗಿಂತ ಶೇಕಡ 5.6ರಷ್ಟು ಹೆಚ್ಚಾಗಿ ಸುಧಾರಿಸಿತ್ತು. 2023ರಲ್ಲಿ ಅಮೆರಿಕದ ಡಾಕ್ಟರ್ ಪುಗಳೇಂದಿ ವಿಜಯರಾಮನ್ ಹಾಗೂ ಅನೇಕ ದೇಶಗಳ ಅವರ ಸಹೋದ್ಯೋಗಿಗಳು 1778 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದರು. ಮರಣವೋ, ಹೃದಯದೌರ್ಬಲ್ಯದಿಂದ ಪುನಃ ಆಸ್ಪತ್ರೆ ಸೇರುವುದೋ ಸಂಭವಿಸಿದುದು ಎಡಗವಲಿನವರಲ್ಲಿ ಶೇಕಡ 20.8, ಮೂರು ತಂತಿಯವರಲ್ಲಿ ಶೇಕಡ 28. ಅಂಕಿಗಳು ಆಶಾದಾಯಕ. ಆದರೆ ಮೊದಲನೆಯದು ತೀರ ಸಣ್ಣ ಪರೀಕ್ಷೆ. ಎರಡನೆಯದರಲ್ಲಿ ಯಾರಿಗೆ ಯಾವುದೆಂದು ನಿರ್ಧರಿಸಿದುದು ಚೀಟಿಯಲ್ಲ, ವೈದ್ಯರು. ಅಂಥ ಹೋಲಿಕೆಯಲ್ಲಿ ಒಂದು ಕಡೆಗೆ ಒಳ್ಳೆಯ ರೋಗಿಗಳು ಸೇರಿಬಿಡುವುದು ಅಸಂಭವವಲ್ಲ. ಇನ್ನೂ ಒಂದು ಮಾತು: ಯೂರೋಪಿನ 14 ಕೇಂದ್ರಗಳ 2533 ರೋಗಿಗಳ ವರದಿಯ ಪ್ರಕಾರ, ಹೃದಯದೌರ್ಬಲ್ಯವುಳ್ಳವರಲ್ಲಿ ಎಡಗವಲಿನ ಪ್ರಯತ್ನವು ಫಲಿಸಿದುದು ನೂರಕ್ಕೆ 82ರಲ್ಲಿ. ಹಿಗ್ಗಿ ಕಲೆಗಟ್ಟಿದ ಗೋಡೆಯನ್ನು ಕೊರೆಯುವುದು ಸುಲಭಸಾಧ್ಯವಲ್ಲ. ಹತ್ತಿಪ್ಪತ್ತು ವರ್ಷಗಳ ನಂತರ ಆ ತಂತಿಯನ್ನು ಹೊರತೆಗೆಯಬೇಕಾಗಿ ಬಂದರೆ ಹೇಗೆಂಬುದನ್ನು ಕಾಲವೇ ಹೇಳಬೇಕು. ಈ ಕಾರಣಗಳಿಂದ 2023ರಲ್ಲಿ ಅಮೆರಿಕ, ಏಷ್ಯ-ಪೆಸಿಫಿಕ್ ಮತ್ತು ಲ್ಯಾಟಿನ್ ಅಮೆರಿಕದ ಹೃದಯಲಯ ಸಂಘಗಳು ಕೂಡಿ ಹೊರಡಿಸಿದ ಮಾರ್ಗಸೂಚಿಯು ಮೂರು ತಂತಿಗೆ ಅಗ್ರಸ್ಥಾನವನ್ನೂ, ಅದು ಸಾಧಿಸದಿದ್ದಲ್ಲಿ ಎಡಗವಲಿಗೆ ಎರಡನೆಯ ಸ್ಥಾನವನ್ನೂ ಕೊಟ್ಟಿತು. ಎರಡು ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಸೇರಿಸಿಕೊಳ್ಳುವ ದೊಡ್ಡ ಪರೀಕ್ಷೆಯೊಂದನ್ನು ಉತ್ತರ ಅಮೆರಿಕದಲ್ಲಿ ಕೈಗೊಂಡಿರುವರು.

ಆ ಫಲಿತಾಂಶ ಬರುವವರೆಗೆ ಕಾಯೋಣವೆಂದು ನಮ್ಮಲ್ಲಿ ಕೆಲವು ವೈದ್ಯ ಮಹಾಶಯರು ಹೇಳುವರು. ಅವರ ಸಂಯಮವು ಶ್ಲಾಘ್ಯವೇ. ಆದರೆ ಇಲ್ಲಿ ನಮ್ಮದೊಂದು ಭಿನ್ನಾಭಿಪ್ರಾಯವಿದೆ. ಅಮೆರಿಕದವರು ಹೋಲಿಸುತ್ತಿರುವುದು ಎರಡು ತಂತಿಯನ್ನೂ ಮೂರು ತಂತಿಯನ್ನೂ. ಸಾಸಲಿನಲ್ಲಿ ಹೋಲಿಕೆಯು ಅನೇಕ ವೇಳೆ ಎರಡು ತಂತಿಗೂ ಬರಿಗೈಗೂ ಮಧ್ಯೆ. ಮೂರು ತಂತಿಯ ಯಂತ್ರದ ಬೆಲೆಯು ಸಾಮಾನ್ಯ ಯಂತ್ರದ ಹಲವು ಪಟ್ಟು. ಪ್ರಾಣಾಂತಕ ಲಯಭಂಗವನ್ನು ತಡೆಯುವ ಶಕ್ತಿಯನ್ನೂ ಅದಕ್ಕೆ ಕೂಡಿಸಿದರೆ ಬೆಲೆಯು ಇನ್ನಷ್ಟು ಏರುವುದು. ಹಣವಿಲ್ಲದೆ ಯಂತ್ರವನ್ನೇ ಬಿಟ್ಟು ಊರಿಗೆ ಹಿಂದಿರುಗುವವನ ಪಾಲಿಗೆ ಯಾವುದು ಉತ್ತಮ ವಿಧಾನವೆಂಬ ಚರ್ಚೆಯು ಹಸಿದವನ ಮುಂದೆ ಭಕ್ಷ್ಯಗಳ ತಾರತಮ್ಯವನ್ನು ವಿಚಾರಿಸಿದಂತೆ.

ಹಾಗೆಂದು ಬಡವನಿಗೊಂದು ಚಿಕಿತ್ಸೆ, ಧನಿಕನಿಗೊಂದು ಚಿಕಿತ್ಸೆ ಎಂಬ ನೀತಿಯನ್ನು ನಾವು ಸಮರ್ಥಿಸುತ್ತಿಲ್ಲ. ಅಗ್ಗವಾದುದು ಸಿಕ್ಕಿತೆಂದು ಖಜಾನೆಯವರು ಸಿದ್ಧಪಟ್ಟ ವಿಧಾನಕ್ಕೆ ಹಣ ನಿಲ್ಲಿಸಿದರೆ ಅದು ಮಹಾಪರಾಧವಾದೀತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಆ ನೆರವು ಒದಗುವಲ್ಲಿ, ಎಡಗವಲಿನ ತಡೆಯು ಸ್ಪಷ್ಟವಾಗಿರುವಲ್ಲಿ, ಮೂರು ತಂತಿಯನ್ನು ಕೊಡಲು ಹಿಂಜರಿಯತಕ್ಕದ್ದಲ್ಲ. ನಮ್ಮ ಪತ್ರಲೇಖಕರಿಗೆ ನಾವು ಹೇಳಬಹುದಾದುದು ಇಷ್ಟೆ: ಮೊದಲು ಈ ನೆರವಿಗೆ ಅರ್ಹತೆಯಿದೆಯೇ ಎಂದು ವಿಚಾರಿಸಿರಿ, ವೈದ್ಯರನ್ನು ಯಂತ್ರದ ಬೆಲೆಯೊಂದನ್ನೇ ಕೇಳದೆ, ಎಡಗವಲಿನ ಕೆಲಸವನ್ನು ತಾವು ಎಷ್ಟು ಮಂದಿಗೆ ಮಾಡಿರುವಿರಿ, ಅದು ಕೈಗೂಡದಿದ್ದರೆ ಅದೇ ಮೇಜಿನ ಮೇಲೆ ಮೂರನೆಯ ತಂತಿ ಹಾಕಲು ಸಿದ್ಧತೆಯುಂಟೆ ಎಂದು ಕೇಳಿರಿ. ಅನುಭವವೂ ಸಿದ್ಧತೆಯೂ ಇರುವೆಡೆ ಕಡಮೆ ಬೆಲೆಯದನ್ನು ಆರಿಸುವುದು ದ್ರೋಹವಲ್ಲ. ಹೊಲವನ್ನು ಆಧಾರವಿಡುವ ಮಾತಂತೂ ಎಲ್ಲಕ್ಕೂ ಕಡೆಯದು.

ಇದಕ್ಕಿಂತಲೂ ನಿರ್ವಿವಾದವಾದ ಕೆಲಸ ಒಂದಿದೆ. ನಾಡಿ ನಿಧಾನವಾಗಿ, ಹೇಗಿದ್ದರೂ ಸಾಮಾನ್ಯ ಪೇಸ್‌ಮೇಕರ್ ಹಾಕಿಸಿಕೊಳ್ಳಲೇಬೇಕಾದ ರೋಗಿಗಳಲ್ಲಿ ಹಲವರ ಹೃದಯಶಕ್ತಿ ಆಗಲೇ ಇಳಿದಿರುತ್ತದೆ. ಅಂಥವರಿಗೆ ರೂಢಿಯ ಸ್ಥಳದಲ್ಲಿ ತಂತಿ ನೆಟ್ಟರೆ ದೌರ್ಬಲ್ಯ ಹೆಚ್ಚುವ ಭಯವುಂಟೆಂಬುದನ್ನು 691 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯು ತೋರಿಸಿತು. ಎರಡು ಕಡೆಯಿಂದ ಪ್ರೇರಿಸಲ್ಪಟ್ಟವರು ಅದರಲ್ಲಿ ಮೇಲಾಗಿದ್ದರು. ಇವರಲ್ಲಿ ಎಡಗವಲಿನ ವಿಧಾನಕ್ಕೆ ಬೇಕಾದುದು ಅದೇ ಯಂತ್ರ, ಅದೇ ಎರಡು ತಂತಿ. ತುದಿ ನೆಡುವ ಜಾಗ ಮತ್ತು ನೆಡುವ ಕೈ ಮಾತ್ರ ಬೇರೆ. ಹಣದ ಕೊರತೆಯ ನೆಪ ಇಲ್ಲಿ ಸಲ್ಲದು. ಚಿತ್ರದುರ್ಗದ ಮುರುಘಾಮಠದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಬಡಜನರಿಗೆ ಆಶ್ರಯವಾಗಿರುವ ಸರಕಾರೀ ಸಂಸ್ಥೆಯು ಈ ಕೈಗಳನ್ನು ತಯಾರುಮಾಡುವ ಶಾಲೆಯಾಗಬೇಕು. ಅಲ್ಲಿ ಯಂತ್ರ ಪಡೆದ ಪ್ರತಿಯೊಬ್ಬನ ಹೆಸರು, ವಿಧಾನ, ವರ್ಷದ ನಂತರದ ಸ್ಥಿತಿಗಳನ್ನು ಬರೆದಿಡುವ ಪುಸ್ತಕವೊಂದು ತೆರೆಯಬೇಕು. ತಿರುವನಂತಪುರದವರು ಮಾಡಿದುದನ್ನು ಬೆಂಗಳೂರಿನವರು ಮಾಡಲಾರರೇ? ಚೀಟಿ ಎತ್ತಿ ಹಂಚುವ ಪರೀಕ್ಷೆಯನ್ನು ನಮ್ಮ ರೋಗಿಗಳ ನಡುವೆಯೇ, ಅವರ ಒಪ್ಪಿಗೆಯಿಂದ, ನಡೆಸಲು ಇಷ್ಟು ದೊಡ್ಡ ಸಂಸ್ಥೆಗೆ ರೋಗಿಗಳ ಅಭಾವವಿಲ್ಲ. ಅರವತ್ತರ ಅಂಚಿನ ಭಾರತೀಯ ಹೃದಯಕ್ಕೆ ಯಾವುದು ಹಿತವೆಂಬುದನ್ನು ಎಪ್ಪತ್ತು ದಾಟಿದ ಅಮೆರಿಕದವರ ಲೆಕ್ಕದಿಂದಲೇ ಎಷ್ಟು ಕಾಲ ಊಹಿಸುತ್ತಿರೋಣ?

ರೋಗವು ಪತ್ತೆಯಾಗದಿದ್ದರೆ ಇದೆಲ್ಲವೂ ವ್ಯರ್ಥ. ಎಡಗವಲಿನ ತಡೆಯನ್ನು ಹಿಡಿಯಲು ದೊಡ್ಡ ಯಂತ್ರಾಗಾರ ಬೇಕಿಲ್ಲ, ಇ.ಸಿ.ಜಿ. ಕಾಗದದ ಮೇಲೆ ಅಲೆಯು ಅಗಲವಾಗಿ ಬೀಳುವುದನ್ನು ತರಬೇತಾದ ಕಣ್ಣು ನಿಮಿಷದಲ್ಲಿ ಗುರುತಿಸಬಲ್ಲದು. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಎದೆನೋವೆಂದು ಬಂದವರ ಇ.ಸಿ.ಜಿ. ತೆಗೆದು, ದೂರದ ತಜ್ಞರಿಗೆ ಕಳುಹಿಸಿ, ಹೃದಯಾಘಾತವಾಗಿದ್ದರೆ ರಕ್ತದ ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಿರುವರು. ಸ್ತುತ್ಯವಾದ ಏರ್ಪಾಡು. ಅದೇ ಯಂತ್ರದ ಮುಂದೆ ಏದುಸಿರಿನವನನ್ನೂ ಕಾಲುಬಾವಿನವನನ್ನೂ ಮಲಗಿಸಲು ಹೊಸ ಕಟ್ಟಡವೂ ಬೇಡ, ಹೊಸ ಕಾನೂನೂ ಬೇಡ. ಒಂದು ಸುತ್ತೋಲೆ ಸಾಕು.

ಬೆಲೆಯ ವಿಷಯದಲ್ಲಿ ದಿಲ್ಲಿಯ ಸರಕಾರದವರು ಮನಸ್ಸು ಮಾಡಿದರೆ ಏನಾಗುವುದೆಂಬುದಕ್ಕೆ ನಿದರ್ಶನವಿದೆ. 2017ರ ಫೆಬ್ರವರಿಯಲ್ಲಿ ಹೃದಯದ ರಕ್ತನಾಳದ ಸ್ಟೆಂಟುಗಳಿಗೆ ಮಿತಿ ಗೊತ್ತುಮಾಡಿ, ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿತವಾದುದಕ್ಕೆ 29,600 ರೂಪಾಯಿ ಎಂದು ವಿಧಿಸಿದರು. ವ್ಯಾಪಾರಿಗಳು ಪ್ರಳಯವಾಗುವುದೆಂದರು, ಆಗಲಿಲ್ಲ. ಪೇಸ್‌ಮೇಕರುಗಳಿಗೆ ಇಂಥ ಮೇಲ್ಮಿತಿಯಿಲ್ಲ. ವರ್ಷಕ್ಕೆ ಶೇಕಡ ಹತ್ತಕ್ಕಿಂತ ಹೆಚ್ಚು ಏರಿಸಬಾರದೆಂಬ ನಿಯಮ ಮಾತ್ರವುಂಟು. ಈಗಿರುವ ಬೆಲೆಯೇ ಅತಿಯಾಗಿರುವಾಗ ಅದರ ಏರಿಕೆಗೆ ಮಾತ್ರ ಕಡಿವಾಣ ಹಾಕಿ ಫಲವೇನು? ಸ್ವದೇಶೀ ಉದ್ಯಮದ ಮಾತನ್ನೂ ಇಲ್ಲಿ ಎತ್ತಬೇಕಾಗಿದೆ. ಎಂ. ಎಸ್. ವಲಿಯತ್ತಾನ್ ಅವರು, ಮಣಿಪಾಲದ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಗಳಾಗಿ ನಮ್ಮ ನಾಡಿಗೆ ಬರುವುದಕ್ಕೆ ಮುಂಚೆ, ತಿರುವನಂತಪುರದಲ್ಲಿ ಹಲವು ಮಾದರಿಗಳು ಸೋತರೂ ಬಿಡದೆ ಹೃದಯದ ಕವಾಟವನ್ನು ರೂಪಿಸಿ 1990ರಲ್ಲಿ ಮೊದಲ ರೋಗಿಗೆ ಅಳವಡಿಸುವಂತೆ ಮಾಡಿದರು. ಆ ಚಿತ್ರಾ ಕವಾಟವು ಲಕ್ಷಕ್ಕೂ ಮಿಕ್ಕ ಜನರ ಎದೆಯಲ್ಲಿ ಸೇರಿತು. ಸಾಮಾನ್ಯ ಪೇಸ್‌ಮೇಕರನ್ನು ತಯಾರಿಸುವ ಕಾರ್ಖಾನೆಯು ಮಧ್ಯಪ್ರದೇಶದ ಪೀಥಂಪುರದಲ್ಲಿದೆ. ಮೂರು ತಂತಿಯ ಯಂತ್ರಗಳು ಹೆಚ್ಚಾಗಿ ಹೊರದೇಶದವು. ಎಡಗವಲಿಗೆ ಬೇಕಾದ ಯಂತ್ರವು ಸಾಮಾನ್ಯವಾದುದೇ ಆದರೂ, ಗೋಡೆ ಕೊರೆಯುವ ತಂತಿ, ನಳಿಗೆಗಳು ಬಹುಮಟ್ಟಿಗೆ ಹೊರಗಿನಿಂದಲೇ ಬರುತ್ತಿವೆ. ಒಂದು ತಿರುಪುತಂತಿ, ಒಂದು ಬಾಗಿದ ನಳಿಗೆ! ಉಪಗ್ರಹಗಳನ್ನು ಕಟ್ಟುವ ಬೆಂಗಳೂರಿಗೆ ಇದು ಅಸಾಧ್ಯವೆಂದು ಯಾರು ಹೇಳಿಯಾರು?

ಕಡೆಯದಾಗಿ, ಯಂತ್ರವನ್ನು ಹೂಳಿದೊಡನೆ ಕೆಲಸ ಮುಗಿಯುವುದಿಲ್ಲ. ಬ್ಯಾಟರಿ ಎಷ್ಟು ಉಳಿದಿದೆ, ತಂತಿಯು ಹಿಡಿದ ಜಾಗದಲ್ಲಿದೆಯೇ ಎಂದು ಆಗಾಗ ಪರೀಕ್ಷಿಸುತ್ತಿರಬೇಕು; ಎಡಗವಲಿನಂಥ ಹೊಸ ವಿಧಾನದಲ್ಲಿ ಇದು ಇನ್ನೂ ಅವಶ್ಯ. ಸಾಸಲಿನವನು ಇದಕ್ಕಾಗಿ ಒಂದು ದಿನದ ಕೂಲಿ ಬಿಟ್ಟು, ದೊಡ್ಡಬಳ್ಳಾಪುರಕ್ಕೆ ಬಂದು, ಅಲ್ಲಿಂದ ಬೆಂಗಳೂರಿನ ಉತ್ತರದಂಚಿಗೆ ಇಳಿದು, ನಗರವನ್ನೆಲ್ಲ ಅಡ್ಡಹಾಯ್ದು ದಕ್ಷಿಣದ ಬನ್ನೇರುಘಟ್ಟ ರಸ್ತೆಗೆ ಹೋಗಬೇಕು. ಪರೀಕ್ಷಿಸುವ ಉಪಕರಣವಾದರೋ ಒಂದು ಕೈಪೆಟ್ಟಿಗೆಯಷ್ಟು. ಅದನ್ನು ಹಿಡಿದ ತಂತ್ರಜ್ಞನೊಬ್ಬನು ತಿಂಗಳಿಗೊಂದು ಗೊತ್ತಾದ ದಿನ ದೊಡ್ಡಬಳ್ಳಾಪುರದ ಸರಕಾರೀ ಆಸ್ಪತ್ರೆಗೆ ಬರುವಂತೆ ಆರೋಗ್ಯ ಇಲಾಖೆಯವರು ಮುಂದಿನ ಆಯವ್ಯಯಕ್ಕೆ ಮೊದಲೇ ಏರ್ಪಡಿಸಬಹುದಾಗಿದೆ.